ಸತ್ತ ಕರ್ನಲ್‌ನ ಪಂಚನಾಮೆ

2024ರ ಜುಲೈ 19ರಂದು ಬೆಂಗಳೂರೂ ಸೇರಿ ದೇಶದ ಹಲವು ವಿಮಾನ ನಿಲ್ದಾಣಗಳಲ್ಲಿ ಚೆಕ್‌-ಇನ್ ಕೆಲಸ ಏರುಪೇರಾಯಿತು. ಕೆಲವೆಡೆ ಬೋರ್ಡಿಂಗ್ ಪಾಸನ್ನು ಕೈಯಲ್ಲೇ ಬರೆದು ಕೊಟ್ಟರು. ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿಯ ಅಪ್‌ಡೇಟ್‌ನಿಂದ ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಯಂತ್ರಗಳು ನೀಲಿ ಪರದೆ ತೋರಿಸಿ ಕುಸಿದಿದ್ದವು. ತಪ್ಪು ಎಲ್ಲಿದೆ ಎಂಬುದಕ್ಕೆ ಸಾಕ್ಷಿ ಸಿಕ್ಕಿದ್ದು ಯಂತ್ರಗಳು ಬಿಟ್ಟುಹೋದ ಕ್ರ್ಯಾಶ್ ಡಂಪ್‌ಗಳಲ್ಲಿ. ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್‌ನೊಳಗೆ ಕೂತಿದ್ದ ಆ ಕಂಪನಿಯ ಡ್ರೈವರ್, 20 ಮೌಲ್ಯಗಳಷ್ಟೇ ಇದ್ದ ಪಟ್ಟಿಯಲ್ಲಿ 21ನೆಯದನ್ನು ಓದಲು ಹೋಗಿತ್ತು.

ಆ್ಯಪ್ ಕೆಟ್ಟರೆ ಅದೊಂದೇ ಮುಚ್ಚಿಕೊಳ್ಳುತ್ತದೆ. ಕರ್ನಲ್ ಕೆಟ್ಟರೆ ಇಡೀ ಯಂತ್ರವೇ ನಿಲ್ಲುತ್ತದೆ. ಶಿಗ್ಗಾಂವಿ ತಾಲ್ಲೂಕಿನ ಹುಲಗೂರಿನಂಥ ಊರಿನವರ ಆಂಡ್ರಾಯ್ಡ್ ಫೋನಿನೊಳಗೂ ಇರುವುದು ಲಿನಕ್ಸ್ ಕರ್ನಲ್. ಅದರ ರೋಗ ಪತ್ತೆಹಚ್ಚುವ ಎರಡು ಮುಖ್ಯ ಸಾಧನಗಳಲ್ಲಿ ಬೆಂಗಳೂರಿನ ಎಂಜಿನಿಯರುಗಳ ಪಾಲು ದೊಡ್ಡದು. ಆ ಕಥೆ ಕನ್ನಡದಲ್ಲಿ ಅಷ್ಟಾಗಿ ಬಂದಿಲ್ಲ.

ಮೊದಲನೆಯದು ಕೆಡಂಪ್. ಹಳೆಯ ವಿಧಾನಗಳಲ್ಲಿ ಕುಸಿದ ಕರ್ನಲ್ಲೇ ತನ್ನ ಮೆಮೊರಿಯನ್ನು ಡಿಸ್ಕಿಗೋ ನೆಟ್‌ವರ್ಕಿಗೋ ಬರೆಯಬೇಕಿತ್ತು. ತಲೆಕೆಟ್ಟ ಕರ್ನಲ್ ಬರೆದದ್ದನ್ನು ನಂಬುವುದು ಹೇಗೆ? ಅದು ಡಿಸ್ಕಿನ ಒಳ್ಳೆಯ ಮಾಹಿತಿಯನ್ನೂ ಹಾಳುಮಾಡಬಹುದು. ಶವವೇ ತನ್ನ ಪಂಚನಾಮೆ ಬರೆದುಕೊಂಡಂತೆ ಅದು. ಬೆಂಗಳೂರಿನ ಐಬಿಎಂನ ವಿವೇಕ್ ಗೋಯಲ್ ಮತ್ತು ಹರಿಪ್ರಸಾದ್ ನೆಲ್ಲಿತೀರ್ಥ, ಅಮೆರಿಕದ ಎರಿಕ್ ಬೀಡರ್‌ಮನ್ ಜೊತೆ ಸೇರಿ ಬೇರೆ ದಾರಿ ಹಿಡಿದರು. ಯಂತ್ರ ಶುರುವಾಗುವಾಗಲೇ ಮೆಮೊರಿಯ ಒಂದು ಭಾಗವನ್ನು ಮೀಸಲಿಟ್ಟು, ಅಲ್ಲಿ ಎರಡನೆಯ ಪುಟ್ಟ ಕರ್ನಲ್ಲನ್ನು ಕಾಯಲು ಕೂರಿಸುತ್ತಾರೆ. ಮೊದಲನೆಯದು ಬಿದ್ದ ಕೂಡಲೇ ಎರಡನೆಯದು ಬಯಾಸ್‌ಗೆ ಹೋಗದೆ ನೇರವಾಗಿ ಎದ್ದೇಳುತ್ತದೆ. ಹಾಗಾಗಿ ಹಳೆಯ ಮೆಮೊರಿ ಅಳಿಯುವುದಿಲ್ಲ. ಅದು ವಿಎಂಕೋರ್ ಎಂಬ ಫೈಲಿನಲ್ಲಿ ಓದಲು ಸಿಗುತ್ತದೆ. 2005ರ ಆಗಸ್ಟ್‌ನಲ್ಲಿ ಬಂದ ಲಿನಕ್ಸ್ 2.6.13ರಲ್ಲಿ ಕೆಡಂಪ್ ಸೇರಿತು.

ವಿಎಂಕೋರ್ ಫೈಲನ್ನು ಕ್ರ್ಯಾಶ್ ಎಂಬ ಉಪಕರಣದಲ್ಲಿ ತೆರೆದರೆ ಕೊನೆಯ ಗಳಿಗೆಯಲ್ಲಿ ಯಾವ ಫಂಕ್ಷನ್ ಯಾವುದನ್ನು ಕರೆದಿತ್ತು, ಯಾವ ಪ್ರಾಸೆಸ್ ಯಾವ ಬೀಗಕ್ಕಾಗಿ ಕಾಯುತ್ತಿತ್ತು ಎಂಬುದೆಲ್ಲ ಕಾಣುತ್ತದೆ. ಒಂದು ಎಚ್ಚರಿಕೆ: ಡಂಪ್ ಎಂದರೆ ಮೆಮೊರಿಯ ಪ್ರತಿ. ಅದರಲ್ಲಿ ಪಾಸ್‌ವರ್ಡ್‌ಗಳೂ ಗ್ರಾಹಕರ ಮಾಹಿತಿಯೂ ಇರಬಹುದು. ಕಂಡಕಂಡವರಿಗೆ ಕಳಿಸುವ ವಸ್ತುವಲ್ಲ.

ಆದರೆ ಡಂಪ್ ಹೇಳುವುದು ಸತ್ತ ಕ್ಷಣವನ್ನು ಮಾತ್ರ. ಸಾಯದೆ ಬರೀ ನಿಧಾನವಾಗಿರುವ, ದಿನಕ್ಕೊಮ್ಮೆ ತಡವರಿಸುವ ಕರ್ನಲ್ಲನ್ನು ಏನು ಮಾಡುವುದು? ಅದಕ್ಕೆ ಓಡುತ್ತಿರುವಾಗಲೇ ಗಮನಿಸುವ ಟ್ರೇಸಿಂಗ್ ಬೇಕು. ಎರಡನೆಯ ಸಾಧನವಾದ ಕೆಪ್ರೋಬ್ಸ್ ಆ ಕೆಲಸಕ್ಕೇ ಹುಟ್ಟಿದ್ದು. 2002ರಲ್ಲಿ ಐಬಿಎಂನ ವಂಶಿ ಕೃಷ್ಣ ಇದನ್ನು ಬರೆದರು. ಪ್ರಸನ್ನ ಪಂಚಮುಖಿ, ಸುಪರ್ಣಾ ಭಟ್ಟಾಚಾರ್ಯ ಬೆಳೆಸಿದರು. ಅನಂತ್ ಮಾವಿನಕಾಯನಹಳ್ಳಿ ಅದರ ನಿರ್ವಾಹಕರಲ್ಲಿ ಒಬ್ಬರಾದರು. 2004ರ ಅಕ್ಟೋಬರ್‌ನಲ್ಲಿ ಅದು ಲಿನಕ್ಸ್ 2.6.9ರ ಭಾಗವಾಯಿತು.

ಉಪಾಯ ಸರಳ. ಇಂಟೆಲ್ ಮಾದರಿಯ ಚಿಪ್‌ಗಳಲ್ಲಿ, ನೋಡಬೇಕಾದ ಆದೇಶದ ಮೊದಲ ಬೈಟ್ ಜಾಗದಲ್ಲಿ ಬ್ರೇಕ್‌ಪಾಯಿಂಟ್ ಕೂರಿಸುತ್ತಾರೆ. ಓಟ ಅಲ್ಲಿಗೆ ಬಂದಾಗ ಕೆಪ್ರೋಬ್ಸ್ ಬೇಕಾದ ವಿವರ ಬರೆದುಕೊಂಡು, ಮೂಲ ಆದೇಶವನ್ನು ನಡೆಸಿ, ಮುಂದೆ ಬಿಡುತ್ತದೆ. ಯಂತ್ರ ನಿಲ್ಲಿಸಬೇಕಿಲ್ಲ, ಕರ್ನಲ್ಲನ್ನು ಮತ್ತೆ ಕಂಪೈಲ್ ಮಾಡಬೇಕಿಲ್ಲ. ಕರ್ನಲ್‌ನ ಆಚೆಗಿರುವ ಪ್ರೋಗ್ರಾಂಗಳಿಗೂ ಇದನ್ನು ಒಗ್ಗಿಸಿದ ಯುಪ್ರೋಬ್ಸ್, ಶ್ರೀಕರ್ ದ್ರೋಣಂರಾಜು ಅವರ ದೀರ್ಘ ಶ್ರಮದಿಂದ 2012ರಲ್ಲಿ ಲಿನಕ್ಸ್ 3.5ಕ್ಕೆ ಬಂತು. ಇಂದು ದೊಡ್ಡ ಡೇಟಾ ಸೆಂಟರುಗಳು ನೆಚ್ಚಿಕೊಂಡಿರುವ, ಓಡುವ ಕರ್ನಲ್ ಮೇಲೆ ಕಣ್ಣಿಡುವ ಇಬಿಪಿಎಫ್ ಉಪಕರಣಗಳಲ್ಲಿ ಹಲವು ಈ ಕೊಕ್ಕೆಗಳಿಗೇ ತಗಲಿಕೊಂಡು ಕೆಲಸ ಮಾಡುತ್ತವೆ.

ಇದನ್ನು ಕಲಿಯಲು ದುಬಾರಿ ಲ್ಯಾಬ್ ಬೇಡ. ಹುಲಗೂರು, ಸವಣೂರು, ಹಾನಗಲ್ಲಿನಿಂದ ಹಾವೇರಿ, ಹುಬ್ಬಳ್ಳಿಯ ಎಂಜಿನಿಯರಿಂಗ್ ಕಾಲೇಜುಗಳಿಗೆ ಹೋಗುವ ಮಕ್ಕಳು ಲ್ಯಾಪ್‌ಟಾಪಿನಲ್ಲಿ ಒಂದು ವರ್ಚುವಲ್ ಮಷೀನ್ ಮಾಡಿಕೊಂಡು, ಅದರಲ್ಲಿ ಕೆಡಂಪ್ ಸಜ್ಜುಗೊಳಿಸಿ, ಬೇಕೆಂದೇ ಕರ್ನಲ್ಲನ್ನು ಬೀಳಿಸಿ ನೋಡಲಿ. ಕಾಲೇಜುಗಳು ಇದನ್ನು ಆಪರೇಟಿಂಗ್ ಸಿಸ್ಟಂ ಲ್ಯಾಬಿನ ಪ್ರಯೋಗವಾಗಿ ಸೇರಿಸಲಿ. ಸಾಫ್ಟ್‌ವೇರ್ ಉಚಿತ, ಮೂಲ ಕೋಡ್ ಎಲ್ಲರಿಗೂ ತೆರೆದಿದೆ.