ಅಚಲೆ ಚಲಿಸಿದ ದಶಕ

ಅಮರಕೋಶವು ಭೂಮಿಗೆ ಹೇಳುವ ಹೆಸರುಗಳಲ್ಲಿ ‘ಅಚಲಾ’ ಎಂಬುದೊಂದು, ‘ಸ್ಥಿರಾ’ ಎಂಬುದು ಇನ್ನೊಂದು. ಬಾಲ್ಯದಲ್ಲಿ ಅದನ್ನು ಬಾಯಿಪಾಠ ಮಾಡಿದವರಾರೂ ಈ ಹೆಸರುಗಳ ಔಚಿತ್ಯವನ್ನು ಸಂದೇಹಿಸಿರಲಾರರು. ಹಿಮಾಲಯದ ಮಾತು ಬೇರೆ. ಭಾರತದ ಭೂಫಲಕವು ಏಷ್ಯಾದ ಒಡಲನ್ನು ಇಂದಿಗೂ ನೂಕುತ್ತಿರುವುದರಿಂದ ಅಲ್ಲಿಯ ನೆಲಕ್ಕೆ ನೆಮ್ಮದಿಯಿಲ್ಲ. ಆದರೆ ದಖ್ಖನಿನ ಪ್ರಸ್ಥಭೂಮಿ ಮುದಿ ಬಂಡೆ, ಅದಕ್ಕೆಲ್ಲಿಯ ನಡುಕ ಎಂಬುದು ಪಾಮರರ ನಂಬಿಕೆ ಮಾತ್ರವಾಗಿರಲಿಲ್ಲ, ಪಂಡಿತರದೂ ಆಗಿತ್ತು. 1967ರಲ್ಲಿ ಕೊಯ್ನಾ ನಡುಗಿದಾಗಲೂ ಅಣೆಕಟ್ಟಿನ ನೀರಿನ ಮೇಲೆ ಹೊಣೆ ಹೊರಿಸಿ ಸಮಾಧಾನಪಡಲು ಅವಕಾಶವಿತ್ತು.

1991ರ ಅಕ್ಟೋಬರಿನಿಂದ 2001ರ ಜನವರಿಯವರೆಗಿನ ಕಾಲಾವಧಿ ಈ ಸಮಾಧಾನವನ್ನು ಉಳಿಸಲಿಲ್ಲ. ಉತ್ತರಕಾಶಿ, ಕಿಲ್ಲಾರಿ, ಜಬಲ್ಪುರ, ಚಮೋಲಿ, ಭುಜ್ — ಹತ್ತು ವರ್ಷಗಳೂ ತುಂಬುವ ಮೊದಲೇ ಐದು ಆಘಾತಗಳು. ಇವುಗಳಲ್ಲಿ ಮೊದಲಿನ ನಾಲ್ಕೂ ನಡುರಾತ್ರಿ ಕಳೆದು ಬೆಳಗಾಗುವುದರೊಳಗೆ, ಜನ ಸೂರಿನಡಿಯಲ್ಲಿ ಮೈಮರೆತು ಮಲಗಿದ್ದಾಗಲೇ ಬಂದವು.

ಉತ್ತರಕಾಶಿಯ ಭೂಕಂಪದ ಪ್ರಮಾಣ 6.8, ಸತ್ತವರು 768 ಜನ. ಎರಡು ವರ್ಷಗಳ ತರುವಾಯ, 1993ರ ಸೆಪ್ಟೆಂಬರ್ 30ರಂದು, ಲಾತೂರು ಜಿಲ್ಲೆಯ ಕಿಲ್ಲಾರಿಯಲ್ಲಾದುದರ ಪ್ರಮಾಣ 6.2 ಮಾತ್ರ. ಈ ಅಂಕಿಗಳ ಲೆಕ್ಕ ಸಾಮಾನ್ಯ ಗಣಿತದ್ದಲ್ಲ. ಒಂದು ಅಂಕಿ ಏರಿದರೆ ಹೊರಬೀಳುವ ಶಕ್ತಿ ಸುಮಾರು ಮೂವತ್ತೆರಡು ಪಟ್ಟು ಏರುತ್ತದೆ. ಎಂದರೆ ಕಿಲ್ಲಾರಿಯಲ್ಲಿ ಸಿಡಿದ ಶಕ್ತಿ ಉತ್ತರಕಾಶಿಯದರ ಎಂಟನೆಯ ಒಂದು ಪಾಲಿನಷ್ಟು. ಸತ್ತವರಾದರೋ ಸರಕಾರದ ಲೆಕ್ಕದಲ್ಲೇ ಎಂಟು ಸಾವಿರದ ಹತ್ತಿರ. ಹತ್ತು ಸಾವಿರವೆಂದು ಹೇಳುವವರೂ ಉಂಟು.

ಈ ವೈಪರೀತ್ಯಕ್ಕೆ ಉತ್ತರವೇನು? ಬಯಲುಸೀಮೆಯ ಒತ್ತೊತ್ತಾದ ವಸತಿ ಒಂದು ಕಾರಣ, ನಿಜ. ಆದರೆ ಮುಖ್ಯ ಕಾರಣ ಮನೆಯೇ. ನಮ್ಮ ಬೀದರ, ಕಲಬುರಗಿಗಳಲ್ಲಿ ಮಾಳಿಗೆ ಮನೆಗಳನ್ನು ಕಂಡವರಿಗೆ ಕಿಲ್ಲಾರಿಯ ಮನೆಯನ್ನು ಹೆಚ್ಚು ವರ್ಣಿಸಬೇಕಾಗಿಲ್ಲ. ಕಾಡುಗಲ್ಲನ್ನು ಕೆಸರಿನಲ್ಲಿ ಕೂರಿಸಿ ಕಟ್ಟಿದ ಎರಡು ಮೂರು ಅಡಿ ದಪ್ಪದ ಗೋಡೆ. ತೊಲೆಗಳ ಮೇಲೆ ಹಲಗೆ, ಹಲಗೆಯ ಮೇಲೆ ಮೊಳದುದ್ದ ಮಣ್ಣು. ಬೇಸಗೆಯಲ್ಲಿ ಇದಕ್ಕಿಂತ ತಂಪಾದ ಆಶ್ರಯವಿಲ್ಲ. ಗೋಡೆ ದಪ್ಪವಾದಷ್ಟೂ ಮನೆತನದ ಗೌರವ ಹೆಚ್ಚು. ಆದರೆ ಆ ಗೋಡೆ ನೋಟಕ್ಕೆ ಒಂದಾದರೂ ವಾಸ್ತವದಲ್ಲಿ ಎರಡು: ಒಳಮುಖ, ಹೊರಮುಖ, ನಡುವೆ ಚೂರುಕಲ್ಲು. ನೆಲ ಅದುರಿದೊಡನೆ ಎರಡೂ ಮುಖಗಳು ಬೇರ್ಪಟ್ಟವು; ಮೇಲಿನ ಮಣ್ಣೆಲ್ಲ ಮಲಗಿದವರ ಮೇಲೆ ಇಳಿಯಿತು. ಹಿಂದಿನ ದಿನವಷ್ಟೇ ಗಣೇಶನನ್ನು ನೀರಿಗೆ ಬಿಟ್ಟು ದಣಿದು ಮಲಗಿದ್ದ ಜನ ಅವರು. ಹುಲ್ಲಿನ ಗುಡಿಸಲಿನ ಬಡವರು ಬಹುಮಟ್ಟಿಗೆ ಬದುಕಿದರು.

1992ರಲ್ಲಿಯೇ ಅಲ್ಲಿ ನೆಲ ಮತ್ತೆ ಮತ್ತೆ ನಡುಗಿತ್ತು. ಆದರೆ ದೇಶದ ಭೂಕಂಪ ನಕ್ಷೆಯಲ್ಲಿ ಆ ಸೀಮೆ ಅತ್ಯಂತ ನಿರಪಾಯದ ಮೊದಲನೆಯ ವಲಯದಲ್ಲಿತ್ತು. 2002ರಲ್ಲಿ ಆ ವಲಯವನ್ನೇ ನಕ್ಷೆಯಿಂದ ತೆಗೆದುಹಾಕಿದರು.

ಜಬಲ್ಪುರ (1997), ಚಮೋಲಿ (1999) ಇವುಗಳ ಹಾನಿ ಹೋಲಿಕೆಯಲ್ಲಿ ಅಲ್ಪ. ಕೊನೆಯದು ಗಣರಾಜ್ಯ ದಿನದ ಬೆಳಿಗ್ಗೆ ಕಚ್ಛದಲ್ಲಿ ಸಂಭವಿಸಿದ 7.7 ಪ್ರಮಾಣದ ಮಹಾಕಂಪ. ಸರಕಾರದ ಲೆಕ್ಕದಲ್ಲಿ ಹದಿಮೂರು ಸಾವಿರಕ್ಕೂ ಮಿಕ್ಕಿ ಜನ ಮಡಿದರು. ಇನ್ನೂರು ಕಿಲೋಮೀಟರಿಗೂ ದೂರದ ಅಹಮದಾಬಾದಿನಲ್ಲಿ, ಮೋಟಾರು ನಿಲ್ಲಿಸಲೆಂದು ಕೆಳ ಅಂತಸ್ತನ್ನು ಬರಿಯ ಕಂಬಗಳ ಮೇಲೆ ಬಿಟ್ಟ ಹೊಸ ಬಹುಮಹಡಿ ಕಟ್ಟಡಗಳು ಕುಸಿದವು. ಆದರೆ ಕಚ್ಛದ ಬನ್ನಿ ಪ್ರದೇಶದಲ್ಲಿ ‘ಭುಂಗಾ’ ಎಂಬ ದುಂಡು ಮನೆಗಳಿವೆ: ಮಣ್ಣಿನ ಗೋಡೆ, ಹಗುರವಾದ ಹುಲ್ಲಿನ ಮಾಡು. 1819ರ ಭೂಕಂಪದ ಅನುಭವದಿಂದ ಬಳಕೆಗೆ ಬಂದ ವಿಧಾನವಂತೆ. ಅವುಗಳಲ್ಲಿ ಬಹಳಷ್ಟು ನಿಂತೇ ಇದ್ದವು. ಅಕ್ಷರ ಬಾರದ ಆ ದನಗಾಹಿಗಳ ಮುಂದೆ ನಮ್ಮ ಇಂಜಿನಿಯರರು ಕೈಕಟ್ಟಿ ನಿಲ್ಲಬೇಕಾಯಿತೆಂದರೆ ಅತಿಶಯೋಕ್ತಿಯೇನೂ ಅಲ್ಲ.

ಹಾಗೆಂದು ಮಾಳಿಗೆ ಮನೆಗಳನ್ನೆಲ್ಲ ಕೆಡಹಬೇಕೆಂದಲ್ಲ. ಕಿಲ್ಲಾರಿಯ ಅನಂತರ ತಜ್ಞರು ಹೇಳಿದ ಉಪಾಯಗಳು ಸುಲಭವಾದವು. ಗೋಡೆಯ ಎರಡು ಮುಖಗಳನ್ನೂ ಹಿಡಿದಿಡುವಂತೆ ಅಲ್ಲಲ್ಲಿ ಉದ್ದಗಲ್ಲನ್ನು ಅಡ್ಡಹಾಯಿಸುವುದು. ಬಾಗಿಲ ಮೇಲ್ಮಟ್ಟದಲ್ಲಿ ಮನೆಯ ಸುತ್ತಲೂ ಒಂದು ಪಟ್ಟಿ ಕಟ್ಟುವುದು. ಮತ್ತೆ, ಮಳೆಗಾಲ ಬಂತೆಂದರೆ ಸೋರುವ ಮಾಳಿಗೆಗೆ ಹಳೆಯದರ ಮೇಲೆಯೇ ಹೊಸ ಮಣ್ಣು ಹೊರಿಸುವುದನ್ನು ಬಿಟ್ಟು, ಮೊದಲು ಹಳೆಯ ಮಣ್ಣನ್ನು ಕೆಳಗಿಳಿಸುವುದು.