ಕಾಣುವುದು ಕೈಯ ತಪ್ಪು, ಇರುವುದು ಕಾಲಿನಲ್ಲಿ

ಅಮೆರಿಕದಲ್ಲಿ ಮಕ್ಕಳ ಬೇಸ್‌ಬಾಲ್ ನಡೆಯುವ ಮೈದಾನದ ಬೇಲಿಯ ಪಕ್ಕ ನಿಂತರೆ ಒಂದು ಕೂಗು ಕಿವಿಗೆ ಬಿದ್ದೇ ಬೀಳುತ್ತದೆ: ‘ಬ್ಯಾಟಿಗೆ ತಾಗುವವರೆಗೂ ಚೆಂಡಿನಿಂದ ಕಣ್ಣು ಕೀಳಬೇಡ!’ ಕೋಚ್ ಕೂಗುತ್ತಾರೆ, ಅಪ್ಪ ಅಮ್ಮಂದಿರೂ ಕೂಗುತ್ತಾರೆ. ಆದರೆ ಅದು ಮನುಷ್ಯನ ಕಣ್ಣಿಗೆ ಆಗದ ಕೆಲಸ. ಎಂಜಿನಿಯರ್ ಟೆರಿ ಬಾಹಿಲ್ ಮತ್ತು ಅವರ ಸಹೋದ್ಯೋಗಿ ಟಾಮ್ ಲಾರಿಟ್ಜ್ 1984ರಲ್ಲಿ ಬ್ಯಾಟರ್‌ಗಳ ಕಣ್ಣು ಮತ್ತು ತಲೆಯ ಚಲನೆಯನ್ನು ಅಳೆದು ಇದನ್ನು ತೋರಿಸಿಕೊಟ್ಟರು. ಅವರು ಪರೀಕ್ಷಿಸಿದ ವೃತ್ತಿಪರ ಆಟಗಾರನ ನೋಟ ಕೂಡ ಚೆಂಡು ಬ್ಯಾಟರ್ ಪಕ್ಕದ ಹೋಮ್ ಪ್ಲೇಟಿನಿಂದ ಸುಮಾರು ಐದೂವರೆ ಅಡಿ ದೂರದಲ್ಲಿರುವಾಗಲೇ ಹಿಂದೆ ಬಿತ್ತು. ಅಲ್ಲಿಂದ ಮುಂದೆ ಚೆಂಡನ್ನು ಹಿಂಬಾಲಿಸಲು ಕಣ್ಣು ಸೆಕೆಂಡಿಗೆ 500 ಡಿಗ್ರಿಗೂ ಮೀರಿದ ವೇಗದಲ್ಲಿ ತಿರುಗಬೇಕಾಗುತ್ತದೆ. ಕೊನೆಯ ಆ ಕೆಲವು ಅಡಿಗಳಲ್ಲಿ ಎಲ್ಲ ಬ್ಯಾಟರ್‌ಗಳೂ ಅಂದಾಜಿನ ಮೇಲೆಯೇ ಹೊಡೆಯುತ್ತಾರೆ.

ಹಾಗೆಂದು ಕೂಗುವವರು ಏನನ್ನೂ ಕಾಣದೆ ಕೂಗುತ್ತಿಲ್ಲ. ಹೊಡೆಯುವ ಹೊತ್ತಿಗೆ ಹುಡುಗನ ತಲೆ ಪಕ್ಕಕ್ಕೆ ಹೊರಳಿದ್ದನ್ನು ಅವರು ನೋಡಿದ್ದಾರೆ. ತಲೆಯನ್ನು ಎಳೆದದ್ದು ಚೆಂಡೆಸೆಯುವ ಪಿಚರ್ ಕಡೆಗಿರುವ ಮುಂದಿನ ಭುಜ. ಭುಜ ಅವಧಿಗೆ ಮೊದಲೇ ತೆರೆದುಕೊಂಡಿತು, ಏಕೆಂದರೆ ಮುಂಗಾಲು ಹೊರಗೆ ಬಿದ್ದಿತ್ತು. ತಿದ್ದಬೇಕಾದ್ದು ಕಾಲನ್ನು, ಕೂಗಿದ್ದು ಕಣ್ಣಿನ ಮೇಲೆ. ಬ್ಯಾಟಿಂಗಿನ ಹೆಚ್ಚಿನ ತಪ್ಪುಗಳ ಕಥೆ ಇದೇ. ತಪ್ಪು ಕಾಣಿಸುವ ಜಾಗ ಬೇರೆ, ಹುಟ್ಟುವ ಜಾಗ ಬೇರೆ.

ಪಿಚರ್ ನಿಲ್ಲುವ ಪಟ್ಟಿಯಿಂದ ಹೋಮ್ ಪ್ಲೇಟಿಗೆ 60 ಅಡಿ 6 ಅಂಗುಲ, ಅಂದರೆ 18.44 ಮೀಟರ್. ಗಂಟೆಗೆ 150 ಕಿ.ಮೀ. ವೇಗದ ಎಸೆತ ಕೈಬಿಟ್ಟ ಸುಮಾರು 0.4 ಸೆಕೆಂಡಿನಲ್ಲಿ ಪ್ಲೇಟ್ ಮುಟ್ಟುತ್ತದೆ. ಬ್ಯಾಟ್ ಬೀಸುವುದಕ್ಕೇ ಹತ್ತಿರ ಹತ್ತಿರ 0.15 ಸೆಕೆಂಡ್ ಬೇಕು. ಚೆಂಡನ್ನು ಗುರುತಿಸಿ, ಹೊಡೆಯಬೇಕೋ ಬಿಡಬೇಕೋ ಎಂದು ತೀರ್ಮಾನಿಸಲು ಉಳಿಯುವುದು ಕಾಲು ಸೆಕೆಂಡ್ ಮಾತ್ರ. ಬೀಸು ನೂರನೇ ಒಂದು ಸೆಕೆಂಡಿನಷ್ಟು ತಡವಾದರೂ ಅಷ್ಟರಲ್ಲಿ ಚೆಂಡು 40 ಸೆಂ.ಮೀ. ಮುಂದೆ ಬಂದಿರುತ್ತದೆ, ಪ್ಲೇಟಿನ ಅಗಲವೇ 43 ಸೆಂ.ಮೀ. ಸಾಲದ್ದಕ್ಕೆ ಚೆಂಡೂ ಗುಂಡು, ಬ್ಯಾಟೂ ಗುಂಡು. ಬ್ಯಾಟಿನ ಅತಿ ದಪ್ಪ ಭಾಗದ ವ್ಯಾಸ 6.6 ಸೆಂ.ಮೀ. ಮೀರುವಂತಿಲ್ಲ, ಮತ್ತು ಎರಡೂ ಒಂದಕ್ಕೊಂದು ತಾಗಿರುವುದು ಸೆಕೆಂಡಿನ ಸಾವಿರದ ಒಂದು ಭಾಗದಷ್ಟು ಹೊತ್ತು. ಇಂಥ ಇಕ್ಕಟ್ಟಿನಲ್ಲಿ ಬೀಸು ಶುರುವಾದ ಮೇಲೆ ತಿದ್ದಿಕೊಳ್ಳಲು ಯಾರಿಗೂ ಸಮಯವಿಲ್ಲ.

ಒಳ್ಳೆಯ ಬೀಸಿನಲ್ಲಿ ಶಕ್ತಿ ನೆಲದಿಂದ ಮೇಲಕ್ಕೆ ಹರಿಯುತ್ತದೆ. ಮುಂಗಾಲು ನೆಲಕ್ಕೆ ಊರುತ್ತದೆ, ಸೊಂಟ ತಿರುಗುತ್ತದೆ, ಅದರ ಹಿಂದೆ ಭುಜ, ಆಮೇಲೆ ತೋಳು, ಕಟ್ಟಕಡೆಗೆ ಬ್ಯಾಟ್. ವೃತ್ತಿಪರ ಬ್ಯಾಟರ್‌ಗಳನ್ನು ಅಳೆದ 1995ರ ಒಂದು ಅಧ್ಯಯನದಲ್ಲಿ ಸೊಂಟದ ಗರಿಷ್ಠ ವೇಗ ಸೆಕೆಂಡಿಗೆ 714 ಡಿಗ್ರಿ, ಭುಜದ್ದು 937 ಡಿಗ್ರಿ, ಬ್ಯಾಟಿನದು ಸೆಕೆಂಡಿಗೆ 31 ಮೀಟರ್ ಇತ್ತು. ಒಂದೊಂದು ಭಾಗವೂ ತನ್ನ ವೇಗದ ತುತ್ತತುದಿ ಮುಟ್ಟಿ ನಿಧಾನವಾಗುವಾಗ ಆ ಶಕ್ತಿ ಮುಂದಿನದಕ್ಕೆ ದಾಟುತ್ತದೆ. ಗಾಡಿ ಹೊಡೆಯುವವರ ಬಾರುಕೋಲಿನಲ್ಲಿ ಹಿಡಿಯನ್ನು ತಟ್ಟನೆ ತಡೆದಾಗಲೇ ತುದಿ ಚಟಾರನೆ ಸಿಡಿಯುವುದೂ ಹೀಗೆಯೇ. ಈ ಸರದಿ ಎಲ್ಲಿ ಮುರಿಯಿತೋ ಅಲ್ಲಿಂದ ಮೇಲಿನ ಎಲ್ಲವೂ ಕೆಡುತ್ತದೆ. ಹಾಗಾಗಿ ಹುಡುಕಾಟ ಕೆಳಗಿನಿಂದ ಶುರುವಾಗಬೇಕು.

ಕಣ್ಣಿಗೆ ಬೀಳುವ ಅತಿ ಸಾಮಾನ್ಯ ತಪ್ಪು, ಕೈಗಳು ಆರಂಭದಲ್ಲೇ ದೇಹದಿಂದ ದೂರ ಸರಿದು ಬ್ಯಾಟ್ ದೊಡ್ಡ ಸುತ್ತು ಹಾಕಿ ಬರುವುದು. ತಿರುಗುವ ವಸ್ತುವಿನ ತೂಕ ಅಕ್ಷದಿಂದ ಎರಡರಷ್ಟು ದೂರ ಹೋದರೆ ಅದನ್ನು ತಿರುಗಿಸಲು ಎದುರಾಗುವ ಜಡತ್ವ ನಾಲ್ಕರಷ್ಟಾಗುತ್ತದೆ. ತೋಳು ಚಾಚಿದ ಕೂಡಲೇ ಇಡೀ ದೇಹ ನಿಧಾನವಾಗುತ್ತದೆ, ಬ್ಯಾಟ್ ಸಾಗಬೇಕಾದ ದಾರಿಯೂ ಉದ್ದವಾಗುತ್ತದೆ. ಒಳಬದಿಗೆ ಬಂದ ಎಸೆತ ಹಿಡಿಯ ಹತ್ತಿರ ಬಡಿದು ಕೈ ಜುಮ್ಮೆನ್ನುತ್ತದೆ. ಇದಕ್ಕೆ ಹೆಸರಾಂತ ಮದ್ದು ಬೇಲಿಯ ಅಭ್ಯಾಸ: ಬ್ಯಾಟಿನ ಹಿಡಿಯ ತುದಿಯನ್ನು ಹೊಕ್ಕಳಿಗೆ, ಇನ್ನೊಂದು ತುದಿಯನ್ನು ಬೇಲಿಗೆ ತಾಗಿಸಿ, ಅಷ್ಟೇ ದೂರದಲ್ಲಿ ನಿಂತು ಬೇಲಿಗೆ ತಗುಲದಂತೆ ಬೀಸುವುದು. ಒಳ್ಳೆಯದೇ, ಆದರೆ ಅದನ್ನೇ ದಿನಗಟ್ಟಲೆ ಮಾಡಿಸಿದರೆ ಹುಡುಗ ಬೇಲಿಯನ್ನು ತಪ್ಪಿಸಲು ಹಿಂಬದಿ ಮೊಣಕೈಯನ್ನು ಕೈಗಳಿಗಿಂತ ಮುಂದೆ ನುಗ್ಗಿಸಲು ಕಲಿತುಬಿಡುತ್ತಾನೆ. ಆಗ ಬ್ಯಾಟ್ ಹಿಂದೆ ಎಳೆದುಕೊಂಡು ಬರುತ್ತದೆ; ಒಂದು ತಪ್ಪಿನ ಜಾಗಕ್ಕೆ ಇನ್ನೊಂದು ಬಂದಂತಾಯಿತು. ‘ಮೊಣಕೈ ಎತ್ತು’ ಎಂಬ ಕೂಗು ಎಳೆಯ ಮಕ್ಕಳಲ್ಲಿ ಈ ಎರಡನೇ ತಪ್ಪನ್ನೇ ಹೆಚ್ಚಿಸುತ್ತದೆ: ಎತ್ತಿದ ಮೊಣಕೈಯನ್ನು ಇಳಿಸಿಯೇ ಹೊಡೆಯಬೇಕು, ಇಳಿಸಲು ಸಮಯವಿಲ್ಲ. ನಾನಾದರೆ ಮೊದಲು ಬ್ಯಾಟಿನ ತೂಕ ನೋಡುತ್ತೇನೆ. ಬೆಳೆಯುವ ಮಗುವಲ್ಲವೇ ಎಂದು ಒಂದು ಅಳತೆ ದೊಡ್ಡದನ್ನೇ ಕೊಳ್ಳುವುದು ಅಂಗಿಗೆ ಸರಿ, ಬ್ಯಾಟಿಗೆ ಸಲ್ಲದು. ಭಾರದ ಬ್ಯಾಟ್ ಹಿಡಿದ ಮಗು ಅದನ್ನು ತಿರುಗಿಸಲಾರದೆ ತೋಳಿನಿಂದ ತಳ್ಳುತ್ತದೆ.

ಮುಂಗಾಲು ಹೊರಗೆ ಬೀಳುವ ತಪ್ಪಿಗೆ ಮೂಲ ಬಹುತೇಕ ಒಂದೇ, ಹೆದರಿಕೆ. 142ರಿಂದ 149 ಗ್ರಾಂ ತೂಗುವ ಗಟ್ಟಿ ಚೆಂಡು ಮೈಮೇಲೆ ಬರುತ್ತಿರುವಾಗ ಹಿಂದೆ ಸರಿಯುವುದು ದೇಹದ ವಿವೇಕ. 1920ರ ಆಗಸ್ಟಿನಲ್ಲಿ ಕ್ಲೀವ್‌ಲ್ಯಾಂಡ್ ತಂಡದ ರೇ ಚಾಪ್‌ಮನ್ ತಲೆಗೆ ಎಸೆತ ಬಡಿದು ಮರುದಿನ ತೀರಿಕೊಂಡರು. ಆಗ ಬ್ಯಾಟರ್‌ಗಳು ಹೆಲ್ಮೆಟ್ ಧರಿಸುತ್ತಿರಲಿಲ್ಲ. ಹಿಮ್ಮಡಿಯ ಹಿಂದೆ ಹಲಗೆ ಇಟ್ಟು ‘ದಾಟಬೇಡ’ ಎಂದರೆ ಕಾಲು ನಿಲ್ಲಬಹುದು, ಹೆದರಿಕೆ ನಿಲ್ಲದು. ಮೆತ್ತನೆಯ ಚೆಂಡಿನಿಂದ ಶುರುಮಾಡಿ, ಮೈಮೇಲೆ ಬಂದ ಎಸೆತಕ್ಕೆ ಬೆನ್ನು ತಿರುಗಿಸಿ ತಲೆ ತಗ್ಗಿಸುವುದನ್ನು ಮೊದಲು ಕಲಿಸಬೇಕು. ಪೆಟ್ಟು ತಪ್ಪಿಸಿಕೊಳ್ಳಲು ಬಲ್ಲೆನೆಂದು ಗೊತ್ತಾದ ಮಗು ತಾನಾಗಿಯೇ ನೇರಕ್ಕೆ ಹೆಜ್ಜೆ ಇಡುತ್ತದೆ.

ಹೊರಗೆ ಬಿದ್ದ ಕಾಲೆಲ್ಲ ತಪ್ಪೂ ಅಲ್ಲ. ಫಿಲಡೆಲ್ಫಿಯಾ ಅಥ್ಲೆಟಿಕ್ಸ್‌ನ ಆಲ್ ಸಿಮನ್ಸ್ ಅವರ ಮುಂಗಾಲು ಪ್ರತಿ ಬಾರಿ ಮೂರನೇ ಬೇಸಿನ ಕಡೆಗೆ ಹೋಗುತ್ತಿತ್ತು. ಅದಕ್ಕೇ ಅಡ್ಡಹೆಸರೂ ಬಿದ್ದಿತ್ತು. ಆದರೂ 1930ರಲ್ಲಿ .381, 1931ರಲ್ಲಿ .390 ಸರಾಸರಿಯೊಂದಿಗೆ ಎರಡು ವರ್ಷವೂ ಅಮೆರಿಕನ್ ಲೀಗಿನ ಅಗ್ರ ಬ್ಯಾಟರ್ ಅವರೇ. ಅವರ ಕಾಲು ಹೊರಗೆ ಹೋದರೂ ಸೊಂಟ ಮತ್ತು ಕೈಗಳು ಚೆಂಡಿನ ಮೇಲೆಯೇ ಉಳಿಯುತ್ತಿದ್ದವು. ಸರದಿ ಕೆಡದಿದ್ದರೆ ಕಾಲಿಟ್ಟ ಜಾಗ ಶೈಲಿ ಅಷ್ಟೇ.

ಮುಂದಕ್ಕೆ ಮುಗ್ಗರಿಸುವವರದು ಬೇರೆ ತೊಂದರೆ. ವೇಗದ ಎಸೆತದಂತೆಯೇ ಕಾಣುವ, ಆದರೆ ಗಂಟೆಗೆ 15 ಕಿ.ಮೀ.ನಷ್ಟು ನಿಧಾನವಾಗಿ ಬರುವ ಎಸೆತಕ್ಕೆ ಮೋಸಹೋಗಿ ಅವರ ಮೈಭಾರವೆಲ್ಲ ಮುಂಗಾಲ ಮೇಲೆ ಜಾರಿಬಿಟ್ಟಿರುತ್ತದೆ. ಚೆಂಡು ಬರುವ ಹೊತ್ತಿಗೆ ಕೈಯಲ್ಲಿ ಬಲ ಉಳಿದಿರುವುದಿಲ್ಲ. ಮುಂಗಾಲಿನ ಕೆಲಸ ಮೈಯನ್ನು ತಡೆದು, ಆ ಓಟವನ್ನು ಸೊಂಟದ ತಿರುವಾಗಿ ಬದಲಿಸುವುದು. ಮೇಲೆ ಹೇಳಿದ 1995ರ ಅಧ್ಯಯನದಲ್ಲಿ ಆ ಕಾಲು ದೇಹತೂಕದ 123 ಪ್ರತಿಶತ ಬಲದಿಂದ ನೆಲವನ್ನು ಒತ್ತುತ್ತಿತ್ತು. ಕಾಲುಗಳನ್ನು ಅಗಲಿಸಿ ನಿಂತು, ಹೆಜ್ಜೆಯೇ ಇಡದೆ ಕೆಲವು ದಿನ ಹೊಡೆಸಿದರೆ ಈ ತಡೆಯುವಿಕೆಯ ಅನುಭವ ಮೈಗೆ ಸಿಗುತ್ತದೆ.

ಇನ್ನು ಬ್ಯಾಟಿನ ದಾರಿ. ‘ಮೇಲಿನಿಂದ ಕೆಳಕ್ಕೆ ಹೊಡೆ’ ಎಂಬ ಸಲಹೆ ದಶಕಗಳ ಕಾಲ ಆಳಿತು. ಪಿಚರ್ ದಿಬ್ಬದ ಮೇಲಿಂದ ಎಸೆಯುತ್ತಾನೆ, ಗುರುತ್ವವೂ ಎಳೆಯುತ್ತದೆ. ವೇಗದ ಎಸೆತ ಪ್ಲೇಟಿನ ಬಳಿ ಸುಮಾರು 6 ಡಿಗ್ರಿ, ತಿರುವು ಎಸೆತ ಸುಮಾರು 10 ಡಿಗ್ರಿ ಕೆಳಮುಖವಾಗಿರುತ್ತದೆ. ಕೆಳಕ್ಕೆ ಇಳಿಯುವ ಚೆಂಡಿಗೆ ಕೆಳಕ್ಕೆ ಇಳಿಯುವ ಬ್ಯಾಟ್ ಎದುರಾದರೆ ಎರಡೂ ದಾರಿಗಳು ಒಂದೇ ಒಂದು ಬಿಂದುವಿನಲ್ಲಿ ಕತ್ತರಿಸುತ್ತವೆ. ಬ್ಯಾಟ್ ತುಸು ಮೇಲ್ಮುಖವಾಗಿ ಬಂದರೆ ಅದು ಚೆಂಡಿನ ದಾರಿಯಲ್ಲೇ ಹೆಚ್ಚು ದೂರ ಸಾಗುತ್ತದೆ, ಸಮಯದ ಚಿಕ್ಕಪುಟ್ಟ ತಪ್ಪುಗಳಿಗೆ ಮಾಫಿ ಸಿಗುತ್ತದೆ. 1941ರಲ್ಲಿ .406 ಸರಾಸರಿ ಗಳಿಸಿದ ಬೋಸ್ಟನ್ನಿನ ಟೆಡ್ ವಿಲಿಯಮ್ಸ್ ತಮ್ಮ ‘ದಿ ಸೈನ್ಸ್ ಆಫ್ ಹಿಟಿಂಗ್’ ಪುಸ್ತಕದಲ್ಲಿ ಇದನ್ನು ವಿವರಿಸಿದ್ದರು. 2015ರಲ್ಲಿ ಸ್ಟ್ಯಾಟ್‌ಕಾಸ್ಟ್ ಅಳತೆ ವ್ಯವಸ್ಥೆ ಎಲ್ಲ ಮೇಜರ್ ಲೀಗ್ ಮೈದಾನಗಳಿಗೆ ಬಂದ ಮೇಲೆ ಚೆಂಡು ಚಿಮ್ಮುವ ಕೋನ ಎಲ್ಲರ ಬಾಯಲ್ಲೂ ಕೇಳತೊಡಗಿತು. ಈಗ ಅತಿಯಾದದ್ದು ಇನ್ನೊಂದು ಕಡೆ: ಮಕ್ಕಳು ಹಿಂಬದಿ ಭುಜವನ್ನು ತಗ್ಗಿಸಿ ಬ್ಯಾಟನ್ನು ಆಕಾಶಕ್ಕೆ ಎತ್ತುತ್ತಾರೆ, ಎದೆಮಟ್ಟದ ವೇಗದ ಎಸೆತ ಸಿಗುವುದೇ ಇಲ್ಲ.

ಅಮೆರಿಕದ ಕನ್ನಡ ಮನೆಗಳಲ್ಲಿ ಅಪ್ಪನಿಂದ ಕ್ರಿಕೆಟ್, ಮಕ್ಕಳ ಲಿಟಲ್ ಲೀಗಿನಲ್ಲಿ ಬೇಸ್‌ಬಾಲ್ ಕಲಿಯುವ ಮಕ್ಕಳಿದ್ದಾರೆ. ಅವರು ನೇರ ಬ್ಯಾಟಿನ ಪಾಠವನ್ನು ಮರೆಯಬೇಕಿಲ್ಲ. ರಾಹುಲ್ ದ್ರಾವಿಡ್ ಅವರ ನೇರ ಬ್ಯಾಟೂ ವಿಲಿಯಮ್ಸ್ ಅವರ ಮೇಲ್ಮುಖ ಬೀಸೂ ಬಯಸುವುದು ಒಂದನ್ನೇ: ಚೆಂಡಿನ ದಾರಿಯಲ್ಲಿ ಬ್ಯಾಟ್ ಆದಷ್ಟು ಹೆಚ್ಚು ಹೊತ್ತು ಇರಬೇಕು.

ತಪ್ಪು ಗೊತ್ತಾಯಿತು, ಹೇಳುವುದು ಹೇಗೆ? ಮನೋವಿಜ್ಞಾನಿ ರಾಬ್ ಗ್ರೇ 2004ರಲ್ಲಿ ಪ್ರಕಟಿಸಿದ ಪ್ರಯೋಗ ಇಲ್ಲಿ ಬಹಳ ಮುಖ್ಯ. ಕೃತಕ ಎಸೆತಗಳನ್ನು ತೋರಿಸುವ ಯಂತ್ರದ ಎದುರು ಬ್ಯಾಟರ್‌ಗಳನ್ನು ನಿಲ್ಲಿಸಿ, ಬೀಸುವಾಗ ಒಂದು ಸದ್ದು ಕೇಳಿಸಿದರು. ಕೆಲವೊಮ್ಮೆ ಆ ಸದ್ದಿನ ಸ್ವರ ಮೇಲಿನದೋ ಕೆಳಗಿನದೋ ಎಂದು ಹೇಳಬೇಕಿತ್ತು, ಕೆಲವೊಮ್ಮೆ ಸದ್ದಾದಾಗ ಬ್ಯಾಟ್ ಮೇಲೆ ಹೋಗುತ್ತಿತ್ತೋ ಕೆಳಗೋ ಎಂದು. ಸ್ವರದ ಪ್ರಶ್ನೆ ಹೊಸಬರನ್ನು ಕೆಡಿಸಿತು, ಪಳಗಿದವರಿಗೆ ಏನೂ ಆಗಲಿಲ್ಲ. ಬ್ಯಾಟಿನ ಪ್ರಶ್ನೆ ಪಳಗಿದವರನ್ನೇ ಕೆಡಿಸಿತು. ರೂಢಿಯಾದ ಚಲನೆಯ ಮೇಲೆ ಗಮನವಿಟ್ಟ ಕೂಡಲೇ ಅದು ಬಿಡಿಬಿಡಿಯಾಗುತ್ತದೆ. ಕೆಟ್ಟ ಸರಣಿಯಲ್ಲಿರುವ ಆಟಗಾರನಿಗೆ ‘ಕೈ ನೋಡಿಕೋ’ ಎನ್ನುವುದು ಇದೇ ಕಾರಣಕ್ಕೆ ಅಪಾಯ.

ಅದಕ್ಕೆ ಜಾಣ ಕೋಚ್‌ಗಳು ಮೈಗೆ ಹೇಳುವುದಿಲ್ಲ, ಚೆಂಡಿಗೆ ಗುರಿ ಕೊಡುತ್ತಾರೆ. ದೊಡ್ಡ ಸುತ್ತು ಹಾಕುವ ಬಲಗೈ ಹುಡುಗನ ಮುಂದೆ ಟೀ ಎಂಬ ಕಂಬದ ಮೇಲೆ, ಪ್ಲೇಟಿನ ಹೊರ ಅರ್ಧದಲ್ಲಿ, ಚೆಂಡು ಇಡಿ. ಹಳೆಯ ಬೀಸಿನಲ್ಲಿ ಅದು ಎಡಕ್ಕೆ ನೆಲದ ಮೇಲೆ ಉರುಳುತ್ತದೆ. ‘ಎರಡನೇ ಬೇಸಿನ ನೆತ್ತಿಯ ಮೇಲೆ ಹೋಗಲಿ’ ಎಂದಷ್ಟೇ ಹೇಳಿ, ಕೈ, ಮೊಣಕೈ, ಸೊಂಟ ಯಾವುದರ ಹೆಸರೂ ಎತ್ತಬೇಡಿ. ಚೆಂಡು ಅಲ್ಲಿಗೆ ಹೋಗಬೇಕಾದರೆ ಭುಜ ಕಾಯಲೇಬೇಕು, ಕೈ ಒಳಗಿನಿಂದ ಬರಲೇಬೇಕು. ಟೀ ಮೇಲಿನ ಚೆಂಡು ನಿಂತೇ ಇರುವುದರಿಂದ ಸಮಯದ ಪಾಠ ಅದರಲ್ಲಿ ಇಲ್ಲ; ದಾರಿ ಸರಿಯಾದ ಮೇಲೆ ವೇಗ ಬದಲಿಸುತ್ತ ಎಸೆದ ಚೆಂಡಿನ ಎದುರು ಅದೇ ಗುರಿಯನ್ನು ಮತ್ತೆ ಕೊಡಬೇಕು.