ಮೀನಾಳ ಟೈಪ್‌ರೈಟರ್, ಡ್ರಾಕುಲಾನ ಉಚ್ಚಾರಣೆ



ಡ್ರಾಕುಲಾ ಎಂದೊಡನೆ ನಮ್ಮಲ್ಲಿ ಹಲವರಿಗೆ ನೆನಪಾಗುವುದು ಸಿನಿಮಾದ ಕೋರೆಹಲ್ಲು, ಕಪ್ಪು ನಿಲುವಂಗಿ. ಬ್ರಾಮ್ ಸ್ಟೋಕರ್ 1897ರಲ್ಲಿ ಪ್ರಕಟಿಸಿದ ಕಾದಂಬರಿಯನ್ನು ಓದಲು ಕುಳಿತಾಗ ನಾವೂ ಅದನ್ನೇ ನಿರೀಕ್ಷಿಸಿದ್ದೆವು. ಸಿಕ್ಕಿದ್ದು ಒಂದು ದಪ್ಪ ಕಡತ! ದಿನಚರಿಗಳು, ಪತ್ರಗಳು, ತಂತಿಗಳು, ಪತ್ರಿಕೆಯ ತುಣುಕುಗಳು, ಹಡಗಿನ ದಾಖಲೆ. ಗಾಥಿಕ್ ಕಾದಂಬರಿಗೆ ಬೇಕಾದ ಹಳೆಯ ಕೋಟೆ, ಬೀಗ ಹಾಕಿದ ಕೋಣೆಗಳೆಲ್ಲ ಇವೆ. ಆದರೆ ಅವುಗಳ ಎದುರಿಗೆ ಸ್ಟೋಕರ್ ವಿಕ್ಟೋರಿಯಾ ಕಾಲದ ಹೊಸ ಯಂತ್ರಗಳನ್ನು ತಂದು ನಿಲ್ಲಿಸಿದ್ದಾನೆ.

ಮೊದಲ ನಾಲ್ಕು ಅಧ್ಯಾಯ ಟ್ರಾನ್ಸಿಲ್ವೇನಿಯಾದಲ್ಲಿ. ಲಂಡನ್ನಿನ ಬಳಿ ಮನೆ ಕೊಡಿಸಲು ಬಂದ ಯುವ ವಕೀಲ ಜೊನಾಥನ್ ಹಾರ್ಕರ್‌ಗೆ ಕೌಂಟನ ಗ್ರಂಥಾಲಯದಲ್ಲಿ ಇಂಗ್ಲಿಷ್ ಪುಸ್ತಕಗಳ ಸಾಲು ಕಾಣುತ್ತದೆ. ಲಂಡನ್ನಿನಲ್ಲಿ ಬಾಯಿ ತೆರೆದೊಡನೆ ಪರದೇಶಿಯೆಂದು ಗುರುತಾಗಬಾರದು ಎಂಬುದೇ ಕೌಂಟನ ಚಿಂತೆ; ಉಚ್ಚಾರಣೆ ತಿದ್ದು ಎಂದು ಹಾರ್ಕರನನ್ನೇ ಕೇಳುತ್ತಾನೆ. ಫೋನಿನಲ್ಲಿ ನಮ್ಮ ಹೆಸರನ್ನೇ ಮೂರು ಸಲ ಬಿಡಿಸಿ ಹೇಳುವ ನಮಗೆ ಇಲ್ಲಿ ನಗು ಬಂತು, ಆಮೇಲೆ ಮುಜುಗರವೂ ಆಯಿತು. ಪೂರ್ವದಿಂದ ಬಂದವನೊಬ್ಬ ಗೊತ್ತಾಗದಂತೆ ಜನರಲ್ಲಿ ಬೆರೆತುಬಿಟ್ಟರೆ ಎಂಬ ಹೆದರಿಕೆಯ ಮೇಲೇ ಈ ಕಥೆ ನಿಂತಿದೆಯಲ್ಲ. ಇಡೀ ಕಡತದಲ್ಲಿ ಕೌಂಟನ ದಿನಚರಿಗೆ ಒಂದು ಪುಟವೂ ಇಲ್ಲ.

ಕಡತವನ್ನು ಕಟ್ಟುವವಳು ಹಾರ್ಕರನ ಹೆಂಡತಿ ಮೀನಾ. (ನಮ್ಮೂರವಳಲ್ಲ, ವಿಲ್ಹೆಲ್ಮಿನಾ.) ಡಾಕ್ಟರ್ ಸೆವರ್ಡ್ ತಿಂಗಳುಗಟ್ಟಲೆ ಫೋನೋಗ್ರಾಫಿನ ಮೇಣದ ಸಿಲಿಂಡರುಗಳಲ್ಲಿ ದಿನಚರಿ ತುಂಬಿಸಿದ್ದಾನೆ, ಆದರೆ ಬೇಕಾದ ಭಾಗವನ್ನು ಹುಡುಕುವುದು ಹೇಗೆಂದು ಯೋಚಿಸಿಯೇ ಇಲ್ಲ! ಇಂಡೆಕ್ಸ್ ಇಲ್ಲದ ಡೇಟಾಬೇಸ್ ಕಂಡವರಿಗೆ ಇವನ ಪಾಡು ಗೊತ್ತು. ಮೀನಾ ಅದನ್ನೆಲ್ಲ ಕೇಳಿ, ಒಂದೇ ಸಲಕ್ಕೆ ಮೂರು ಪ್ರತಿ ಟೈಪ್ ಮಾಡಿ, ಎಲ್ಲರ ಬರಹಗಳನ್ನೂ ತಾರೀಖಿನ ಪ್ರಕಾರ ಜೋಡಿಸುತ್ತಾಳೆ. ಆಗಲೇ ಬಿಡಿ ಘಟನೆಗಳ ಹಿಂದಿರುವವನು ಒಬ್ಬನೇ ಎಂಬುದು ಸ್ಪಷ್ಟವಾಗುವುದು.

ಇದಾದ ಮೇಲೆ ಗಂಡಸರು ಒಂದು ತೀರ್ಮಾನಕ್ಕೆ ಬರುತ್ತಾರೆ: ಹೆಣ್ಣುಮಗಳು, ಹೆದರಿಯಾಳು, ಇನ್ನು ಅವಳಿಗೆ ಏನನ್ನೂ ಹೇಳುವುದು ಬೇಡ. ನಮಗೆ ಕೋಟೆಗಿಂತ ಹೆಚ್ಚು ಭಯ ಹುಟ್ಟಿಸಿದ್ದು ಇಲ್ಲಿಂದ ಮುಂದಿನ ಪುಟಗಳು. ಮೀನಾ ತನ್ನ ದಿನಚರಿಯಲ್ಲಿ ಕೋಣೆಯೊಳಗೆ ನುಗ್ಗಿದ ಮಂಜಿನ ಬಗ್ಗೆ ಬರೆಯುತ್ತಾಳೆ. ಗಂಡ ತನ್ನದರಲ್ಲಿ ಅವಳ ಮುಖ ಬಿಳಿಚಿದೆ ಎಂದು ಬರೆಯುತ್ತಾನೆ. ಎರಡನ್ನೂ ಒಟ್ಟಿಗೆ ಓದುತ್ತಿರುವವರು ನಾವು ಮಾತ್ರ. ಅವರಿಗೆ ಹೇಳೋಣವೆಂದರೆ ದಾರಿಯಿಲ್ಲ.

ಯಾರಾದರೂ ಕರೆಯದೆ ಡ್ರಾಕುಲಾ ಮನೆಯೊಳಗೆ ಬರುವಂತಿಲ್ಲ. ತೊಂಬತ್ತರ ದಶಕದಲ್ಲಿ ಬೆಂಗಳೂರಿನ ಬಾಗಿಲುಗಳ ಮೇಲೆ "ನಾಳೆ ಬಾ" ನೋಡಿದವರಿಗೆ ಹೊಸಿಲಿನ ಈ ನಿಯಮ ಹೊಸದಲ್ಲ. ಸೆವರ್ಡನ ಆಸ್ಪತ್ರೆಯಲ್ಲಿ ಅವನನ್ನು ಒಳಗೆ ಕರೆದವರು ಯಾರು ಎಂಬುದನ್ನು ಇಲ್ಲಿ ಹೇಳುವುದಿಲ್ಲ.

ಒಳಬಂದ ಕೌಂಟ್ ಕಾಗದಗಳನ್ನೂ ಸಿಲಿಂಡರುಗಳನ್ನೂ ಬೆಂಕಿಗೆ ಹಾಕುತ್ತಾನೆ. ಕಬ್ಬಿಣದ ಪೆಟ್ಟಿಗೆಯಲ್ಲಿದ್ದ ಇನ್ನೊಂದು ಪ್ರತಿ ಉಳಿಯುತ್ತದೆ. ಬ್ಯಾಕಪ್ ಇಟ್ಟವಳಿಗೆ ನಮ್ಮ ನಮಸ್ಕಾರ.

ಹಕ್ಕುಸ್ವಾಮ್ಯ ಮುಗಿದಿರುವುದರಿಂದ ಪುಸ್ತಕ ಪ್ರಾಜೆಕ್ಟ್ ಗುಟೆನ್‌ಬರ್ಗ್‌ನಲ್ಲಿ ಉಚಿತವಾಗಿ ಸಿಗುತ್ತದೆ. ಓದುವಾಗ ಪ್ರತಿ ಬರಹದ ಮೇಲಿನ ತಾರೀಖನ್ನು ಬಿಡಬೇಡಿ. ಯಾರು ಏನನ್ನು ಯಾವಾಗ ತಿಳಿದರು ಎಂಬುದು ಅಲ್ಲೇ ಇದೆ. ನಡುವೆ ವ್ಯಾನ್ ಹೆಲ್ಸಿಂಗ್‌ನ ಭಾಷಣಗಳು ಉದ್ದವಾದವು ಎನಿಸಿದರೆ ಒಂದೆರಡು ಪುಟ ಹಾರಿಸಿ, ನಾವೂ ಹಾರಿಸಿದ್ದೇವೆ.